ಏರ್‌ಗನ್ ಕೊಳ್ಳುವವರಲ್ಲಿ, ಕೊಂಡವರಲ್ಲಿ ಒಂದು ಮನವಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ರೈತ ಬಾಂಧವರೇ, ಅವ್ವಂದಿರೇ, ಮೊಬೈಲಿನಲ್ಲಿ ಏರ್‌ಗನ್ ಬೆಲೆ ನೋಡುತ್ತ ಕೂತ ತಮ್ಮಂದಿರೇ,

ನಿಮ್ಮಲ್ಲಿ ಮೂರು ಮಾತು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಬೆಳೆಗೆ ಬರುವ ಪ್ರಾಣಿ, ಪಕ್ಷಿಗಳ ಮೇಲೆ ಏರ್‌ಗನ್ ಹೊಡೆಯಬೇಡಿ. ಗುರಿ ಹೊಡೆಯುವ ಹುಚ್ಚಿದ್ದರೆ ಹೊಡೆಯಿರಿ, ಆದರೆ ಕಾಗದಕ್ಕೆ, ಹಿಂದೆ ಉಸುಕಿನ ಚೀಲ ಒಟ್ಟಿಕೊಂಡು. ಮಕ್ಕಳಿರುವ ಮನೆಯಲ್ಲಿ ಆ ಬಂದೂಕನ್ನು ಬಾಗಿಲ ಸಂದಿಗೆ ಆನಿಸಿ ಇಡಬೇಡಿ. ಈ ಕೊನೆಯ ಕೆಲಸವನ್ನು ಇವತ್ತೇ ಮಾಡಬಹುದು. ಉಳಿದ ಎರಡಕ್ಕೆ ಕಾರಣ ಹೇಳಬೇಕಾಗುತ್ತದೆ, ಹೇಳುತ್ತೇನೆ.

"ಪ್ಯಾಟ್ಯಾಗ ಕೂತು ಪ್ರಾಣಿ ಮ್ಯಾಲೆ ಕರುಣಾ ಹೇಳಾವ್ರಿಗೆ ಹೊಲದ ಸಂಕಟ ಏನ್ ತಿಳೀತೈತ್ರಿ?" ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಮಾತೇ. ಎರೆ ಸೀಮೆಯ ಹೊಲಕ್ಕೆ ಬೇಲಿಯಿಲ್ಲ, ಮರೆಯಿಲ್ಲ. ಬಿತ್ತಿದ ಕಾಳಿಗೆ ನವಿಲು ಬರುತ್ತದೆ, ಮೊಳಕೆಗೆ ಚಿಗರಿ, ತೆನೆಗೆ ಗಿಳಿ ಗುಬ್ಬಿ, ಕಣಕ್ಕೆ ಇಲಿ. ಮುಂಗಾರಿಯಲ್ಲಿ ಹೆಸರು ಎರಡೆಲೆ ಬಿಡುವಾಗ ಚಿಗರಿ ಹಿಂಡು ರಾತ್ರಿ ಇಳಿಯಿತೆಂದರೆ ಬೆಳಿಗ್ಗೆ ಸಾಲು ಕಾಣುತ್ತದೆ, ಸಸಿ ಕಾಣುವುದಿಲ್ಲ. ಮತ್ತೆ ಬಿತ್ತೋಣವೆಂದರೆ ಹದ ಹೋಗಿರುತ್ತದೆ, ಬೀಜದ ದುಡ್ಡೂ ಹೋಗಿರುತ್ತದೆ. ಹಿಂಗಾರಿಯ ಕಡಲೆಗೂ ಇದೇ ಗತಿ. ಶೇಂಗಾ ಹಾಕಿದವನು ಕೀಳುವ ಮೊದಲೇ ಹಂದಿ ಕಿತ್ತಿರುತ್ತದೆ. ಕಲಘಟಗಿಗೆ ಹೋದರೆ ಕಾಡೇ ಹೊಲದ ಬದುವಿಗೆ ಬಂದು ನಿಂತಿದೆ. ಅಲ್ಲಿ ಗೋವಿನಜೋಳಕ್ಕೆ ಹಂದಿ, ಮಾವಿಗೆ ಮಂಗ್ಯಾ, ಒಮ್ಮೊಮ್ಮೆ ಹಳಿಯಾಳ, ದಾಂಡೇಲಿ ಕಡೆಯಿಂದ ಆನೆ. ಮಂಚಿಕೆ ಹಾಕಿಕೊಂಡು ರಾತ್ರಿಯಿಡೀ ಎಚ್ಚರಿದ್ದು, ಬೆಳಿಗ್ಗೆ ಎದ್ದು ಮತ್ತೆ ಕೂಲಿಗೆ ಹೋಗುವವನ ಸಿಟ್ಟನ್ನು ನಾನು ಸಣ್ಣದು ಎನ್ನುವುದಿಲ್ಲ.

ಆ ಸಿಟ್ಟಿನ ಮೇಲೆಯೇ ವ್ಯಾಪಾರ ನಡೆಯುತ್ತಿದೆ. ಒಂದು ಕ್ವಿಂಟಲ್ ಹೆಸರು ಮಾರಿದ ದುಡ್ಡಿಗೆ ಏರ್‌ಗನ್ ಬರುತ್ತದೆ. ಜಾಹೀರಾತಿನಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ಒಂದು, ಲೈಸೆನ್ಸ್ ಬೇಕಿಲ್ಲ. ಇನ್ನೊಂದು, ಬೆಳೆ ಕಾಯಲು ಒಳ್ಳೆಯದು. ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು.

ಅರ್ಧ ನಿಜವನ್ನು ಮೊದಲು ನೋಡೋಣ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರದ, ಗುಂಡು ಹೊರಡುವಾಗಿನ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಈ 4.5 ಮಿಲಿಮೀಟರನ್ನೇ ಅಂಗಡಿಯಲ್ಲಿ ಪಾಯಿಂಟ್ ಒನ್ ಸೆವೆನ್ ಸೆವೆನ್ ಎನ್ನುತ್ತಾರೆ. ಒಳವ್ಯಾಸ, ಶಕ್ತಿ ಇವೆರಡರಲ್ಲಿ ಒಂದು ಮೀರಿದರೂ ಅದು ಲೈಸೆನ್ಸ್ ಬೇಕಾದ ಆಯುಧ. ಪಾಯಿಂಟ್ ಟೂ ಟೂ, ಅಂದರೆ 5.5 ಮಿಲಿಮೀಟರ್ ನಳಿಗೆಯದನ್ನು "ಇದಕ್ಕೂ ಏನೂ ಬ್ಯಾಡ್ರಿ" ಎಂದು ಕೊಡುವವನು ನಿಮಗೆ ಬಂದೂಕಿನ ಜೊತೆಗೆ ಒಂದು ಕೇಸನ್ನೂ ಮಾರುತ್ತಿದ್ದಾನೆ. ಸ್ಪ್ರಿಂಗ್ ಬದಲಿಸಿ, ಒಳಗಿನ ಒತ್ತಡ ಏರಿಸಿ "ಪವರ್ ಹೆಚ್ಚು ಮಾಡಿ" ಕೊಡುವ ಮೆಕ್ಯಾನಿಕ್ಕರ ವಿಷಯವೂ ಅಷ್ಟೇ. 20 ಜೂಲ್ ದಾಟಿದ ದಿನ ನಿಮ್ಮ ಕೈಯಲ್ಲಿರುವುದು ಕಾಯ್ದೆಯ ಕಣ್ಣಲ್ಲಿ ಬೇರೆಯೇ ವಸ್ತು.

ಇನ್ನು ಲೈಸೆನ್ಸ್ ಬೇಡದ ಬಂದೂಕೇ ಕೊಂಡಿರಿ ಎನ್ನಿ. ಕೊಳ್ಳಲು ಅನುಮತಿ ಬೇಡ ಎಂದಮಾತ್ರಕ್ಕೆ ಎದುರಿಗೆ ಬಂದದ್ದನ್ನೆಲ್ಲ ಹೊಡೆಯಲು ಅನುಮತಿ ಸಿಕ್ಕಿತೆಂದಲ್ಲ. ಇಲ್ಲಿ ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದಕ್ಕೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲು ಆ ಕಾಯ್ದೆಯಲ್ಲಿ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳನ್ನು ಹಾವಳಿಯ ಪ್ರಾಣಿಗಳೆಂದು ಬೇರೆ ಮಾಡಿಟ್ಟ ಒಂದು ಪಟ್ಟಿ ಇತ್ತು. ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಈಗ ಒಂದು ಪ್ರಾಣಿಯನ್ನು ಹಾವಳಿಯದೆಂದು ಸಾರಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಊರ ಕಟ್ಟೆಯ ಮೇಲೆ ಕೂತು ನಾವು ಸಾರಿದರೆ ನಡೆಯುವುದಿಲ್ಲ.

ಚಿಗರಿ, ಅಂದರೆ ಕೃಷ್ಣಮೃಗ, ಮತ್ತು ನವಿಲು ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಇವನ್ನು ಬೇಟೆಯಾಡಿದರೆ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಸೆರೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. "ನಾ ಕೊಂದಿಲ್ರಿ, ಸುಮ್ನ ಕುಂಡಿಗೆ ಒಂದು ಹೊಡದೆ, ಓಡ್ಲಿ ಅಂತ" ಎಂಬ ಸಮಜಾಯಿಷಿ ನಡೆಯುವುದಿಲ್ಲ, ಏಕೆಂದರೆ ಕಾಯ್ದೆಯ ಪ್ರಕಾರ ಗಾಯ ಮಾಡುವುದೂ ಬೇಟೆ, ಮಾಡಲು ಯತ್ನಿಸುವುದೂ ಬೇಟೆ. 1998ರಲ್ಲಿ ಜೋಧಪುರದ ಹತ್ತಿರ ಚಿಗರಿ ಹೊಡೆದ ಪ್ರಕರಣದಲ್ಲಿ ಸಿನಿಮಾ ನಟ ಸಲ್ಮಾನ್ ಖಾನ್‌ಗೆ ಕೆಳ ನ್ಯಾಯಾಲಯ ಐದು ವರ್ಷ ಶಿಕ್ಷೆ ಹೇಳಿದ್ದು 2018ರಲ್ಲಿ. ನಡುವೆ ಇಪ್ಪತ್ತು ವರ್ಷ ವಕೀಲರಿಗೆ ಕೊಟ್ಟ ದುಡ್ಡು ಅವರಿಗೆ ಭಾರವಾಗಿರಲಿಕ್ಕಿಲ್ಲ. ನಮ್ಮಲ್ಲಿ ಎರಡು ಎಕರೆ ಮಾರಿದರೂ ಸಾಲುವುದಿಲ್ಲ.

ನವಲಗುಂದದವರಿಗಂತೂ ಒಂದು ಮಾತು ಹೆಚ್ಚಿಗೆ ಹೇಳಬೇಕು. ಜಮಖಾನದ ಮೇಲೆ ನವಿಲು ನೇಯ್ದು ದೇಶಕ್ಕೆಲ್ಲ ಹಾಸಿದ ಊರು ನಿಮ್ಮದು. ಆ ಊರಿನ ಹುಡುಗ ನವಿಲು ಹೊಡೆದು ಪೇಪರಿನಲ್ಲಿ ಬರುವುದು ಬೇಡ.

ಕಾಡುಹಂದಿಯ ವಿಷಯಕ್ಕೆ ಕಾಯ್ದೆಯಲ್ಲೇ ಒಂದು ದಾರಿಯಿದೆ. ಎರಡನೇ ಅನುಸೂಚಿಯ ಪ್ರಾಣಿ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಕೊಟ್ಟಾಗಲೂ ಆ ಕೆಲಸಕ್ಕೆ ಬೇಕಾದದ್ದು ಲೈಸೆನ್ಸ್ ಇರುವ ಬಂದೂಕು ಮತ್ತು ಹೊಡೆಯಲು ಬಲ್ಲವನು. ಏರ್‌ಗನ್ ಅಲ್ಲ. ಏಕೆ ಅಲ್ಲ ಎಂಬುದಕ್ಕೆ ಅದರ ಹೊಟ್ಟೆಯೊಳಗೆ ಇಣುಕಬೇಕು.

ನಮ್ಮ ಕಡೆ ಹೆಚ್ಚು ಮಾರಾಟವಾಗುವುದು ನಳಿಗೆ ಮುರಿದು ಸ್ಪ್ರಿಂಗ್ ಏರಿಸುವ ಬಂದೂಕು. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಬಿಟ್ಟುಕೊಂಡು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ, ಅದರ ಮುಂದಿನ ಗಾಳಿ ಒತ್ತಿ ಗುಂಡನ್ನು ಹೊರಗೆ ಹಾಕುತ್ತದೆ. ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಇಷ್ಟು ಹಗುರ ಸೀಸಕ್ಕೆ 20 ಜೂಲ್ ಕೊಟ್ಟರೆ ಲೆಕ್ಕದ ಪ್ರಕಾರ ಅದು ಸೆಕೆಂಡಿಗೆ 280 ಮೀಟರ್ ವೇಗದಲ್ಲಿ ಹೊರಡುತ್ತದೆ, ಅಂದರೆ ಗಂಟೆಗೆ ಸಾವಿರ ಕಿಲೋಮೀಟರ್. ಸಾಧಾರಣ ಬಂದೂಕಿನ 10 ಜೂಲ್ ಎಂದರೂ ಸೆಕೆಂಡಿಗೆ 200 ಮೀಟರ್. ಮನುಷ್ಯನ ಚರ್ಮ ಸೀಳಲು ಸೆಕೆಂಡಿಗೆ ನೂರು ಮೀಟರ್ ಸಾಕು, ಕಣ್ಣಿಗೆ ಅದರ ಅರ್ಧವೂ ಬೇಡ. ಆದರೆ ವೇಗ ಎಷ್ಟಿದ್ದರೂ ಅರ್ಧ ಗ್ರಾಂ ಅರ್ಧ ಗ್ರಾಮೇ. ದೂರ ಹೋದಂತೆ ಗಾಳಿ ಅದರ ಶಕ್ತಿಯನ್ನು ಬೇಗ ಬೇಗ ತಿನ್ನುತ್ತದೆ. ಗಂಡು ಹಂದಿಯ ಭುಜದ ಮೇಲೆ ಕಾದಾಟಕ್ಕೆಂದೇ ದಪ್ಪಗಟ್ಟಿದ ತೊಗಲಿರುತ್ತದೆ. ಅಲ್ಲಿ ಈ ಗುಂಡು ಹಂದಿಗೆ ಸಿಟ್ಟು ಬರಿಸುವಷ್ಟು ಕೆಲಸ ಮಾತ್ರ ಮಾಡುತ್ತದೆ. ಕತ್ತಲಲ್ಲಿ, ಗೋವಿನಜೋಳದ ಸಾಲಿನ ನಡುವೆ, ಸಿಟ್ಟಿಗೆದ್ದ ಹಂದಿಯ ಎದುರು ಒಂದೇ ಗುಂಡಿನ ಬಂದೂಕಿಗೆ ಮತ್ತೆ ಸ್ಪ್ರಿಂಗ್ ಏರಿಸುತ್ತ ನಿಲ್ಲುವ ಆಸೆ ಯಾರಿಗಿದೆ?

ಚಿಗರಿಗೆ, ಮಂಗಕ್ಕೆ ತಗುಲಿದರೆ ಗುಂಡು ಮಾಂಸದಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರಾಣಿ ಅಲ್ಲೇ ಬೀಳುವುದಿಲ್ಲ, ಓಡುತ್ತದೆ. ಗಾಯಕ್ಕೆ ಹುಳ ಬಿದ್ದು, ದಿನಗಟ್ಟಲೆ ನರಳಿ, ಎಲ್ಲೋ ಯಾರದೋ ಕಬ್ಬಿನಲ್ಲಿ ಸಾಯುತ್ತದೆ. ಹೊಡೆದವನಿಗೆ ಗೊತ್ತೂ ಆಗುವುದಿಲ್ಲ, "ಹೆದರಿ ಹೋತು, ಮತ್ತ ಬರ್ಲಿಲ್ಲ" ಎಂದುಕೊಳ್ಳುತ್ತಾನೆ. ಇದರಲ್ಲಿ ನನಗೆ ಅರ್ಥವಾಗದ ಒಂದು ಸಂಗತಿಯಿದೆ. ಮಂಗ ಕರೆಂಟ್ ಹೊಡೆದು ಸತ್ತರೆ ನಮ್ಮ ಊರುಗಳಲ್ಲಿ ಹೆಣಕ್ಕೆ ಹೂವು ಹಾಕಿ, ಭಜನೆ ಮಾಡಿ, ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತೇವೆ. ಅದೇ ಊರಿನ ಮಾಳಿಗೆಯ ಮೇಲೆ ಅದೇ ಮಂಗಕ್ಕೆ ಏರ್‌ಗನ್ ಹಿಡಿದು ಕೂರುತ್ತೇವೆ. ಹನುಮಪ್ಪನಿಗೆ ಯಾವುದನ್ನು ನಂಬಬೇಕೆಂದು ತಿಳಿಯದೆ ಹೋಗಿರಬೇಕು.

ಹಕ್ಕಿಗಳ ಲೆಕ್ಕ ಬೇರೆ. ಏರ್‌ಗನ್ನಿಂದ ಬೆಳವ ಸಾಯುತ್ತದೆ, ಗಿಳಿಯೂ ಸಾಯುತ್ತದೆ. ಕಾಯ್ದೆಯನ್ನು ಒಂದು ಗಳಿಗೆ ಬದಿಗಿಟ್ಟು ಬರೀ ಬೆಳೆಯ ಲಾಭ ನಷ್ಟ ನೋಡಿ. ಇನ್ನೂರು ಹಕ್ಕಿಯ ಹಿಂಡಿನಲ್ಲಿ ಒಂದು ಬಿದ್ದರೆ ಉಳಿದವು ಹತ್ತು ನಿಮಿಷ ಹಾರಿ ಮತ್ತೆ ತೆನೆಗೆ ಕೂರುತ್ತವೆ. ಏರ್‌ಗನ್ ಸದ್ದು ಮಾಡುವುದಿಲ್ಲ ಎಂಬುದನ್ನು ಮಾರುವವರು ಗುಣವೆಂದು ಹೇಳುತ್ತಾರೆ. ಹೊಲ ಕಾಯುವವನಿಗೆ ಅದೇ ದೋಷ. ಹಕ್ಕಿ ಏಳುವುದು ಸದ್ದಿಗೆ. ಸೀತನಿ ಕಾಲದಲ್ಲಿ ಮಂಚಿಕೆಯ ಮೇಲೆ ನಿಂತು ಕವಣಿ ಬೀಸುತ್ತಿದ್ದ ಹಿರಿಯರು ಹಕ್ಕಿಗೆ ಹೊಡೆಯಲು ಬೀಸುತ್ತಿರಲಿಲ್ಲ. ಕವಣಿಯ ತುದಿ ಛಟ್ಟೆಂದರೆ ಸಾಕು, ಇಡೀ ಹೊಲದ ಹಿಂಡು ಏಳುತ್ತಿತ್ತು. ಸಾವಿರಾರು ರೂಪಾಯಿಯ ಬಂದೂಕು ಆ ಕೆಲಸವನ್ನು ಒಂದು ಹಲಗೆಯಷ್ಟೂ ಮಾಡಲಾರದು.

ಹಕ್ಕಿ ತಿನ್ನುವುದು ಕಾಳನ್ನು ಮಾತ್ರವಲ್ಲ ಎಂಬುದನ್ನೂ ಮರೆಯಬಾರದು. ಕಡಲೆಗೆ ಕಾಯಿಕೊರಕ ಬಿದ್ದಾಗ ಹೊಲದಲ್ಲಿ ಹಕ್ಕಿ ಕೂರಲು ಕವಲುಕೋಲು ನಿಲ್ಲಿಸಿ, ಚುರುಮರಿ ಚೆಲ್ಲಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ, ಬಹಳ ಜನ ಮಾಡುತ್ತಲೂ ಇದ್ದೀರಿ. ಒಂದು ಕೈಯಲ್ಲಿ ಚುರುಮರಿ ಚೆಲ್ಲಿ ಕರೆದು, ಇನ್ನೊಂದು ಕೈಯಲ್ಲಿ ಗುಂಡು ಹಾರಿಸಿದರೆ ಹುಳ ತಿನ್ನಲು ಯಾರು ಬರಬೇಕು? ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲ ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಲ್ಲಿನ ರೈತರು ಸಹಿಸಿಕೊಂಡರು. 2024ರಲ್ಲಿ ಆ ಕೆರೆಗೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಹಾಗಾದರೆ ಇಲಿ? ಇಲಿ ಹೊಡೆದರೆ ಅರಣ್ಯ ಇಲಾಖೆ ಕೇಳುವುದಿಲ್ಲ, ನಿಜ. ಹತ್ತು ಮೀಟರ್ ಒಳಗೆ ಏರ್‌ಗನ್ನಿಂದ ಇಲಿ ಸಾಯುತ್ತದೆ, ಅದೂ ನಿಜ. ಆದರೆ ಎರೆ ನೆಲ ಬಿರಿದಾಗ ಒಂದು ಎಕರೆಯಲ್ಲಿ ಎಷ್ಟು ಬಿಲವಿರುತ್ತವೆಂದು ನಿಮಗೆ ಗೊತ್ತು. ಒಂದೊಂದು ಇಲಿಗೆ ರಾತ್ರಿ ಕೂತು ಕಾಯುವುದು ಆಟವಾದೀತು, ಹತೋಟಿಯಾಗದು. ಕಣಜದ ಕೋಣೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಗುಂಡು ಹಾರಿಸಿದರೆ ಕಲ್ಲಿಗೆ ಬಡಿದು ಯಾವ ದನದ ಕಣ್ಣಿಗೆ ಬೀಳುತ್ತದೋ ಹೇಳಲಾಗದು. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ಕಾಲದವರು ಇಲಿಯನ್ನು ಕೊಲ್ಲುವುದಕ್ಕಿಂತ ಕಾಳಿನ ಹತ್ತಿರ ಬರದಂತೆ ಮಾಡುವುದಕ್ಕೆ ಹೆಚ್ಚು ತಲೆ ಓಡಿಸಿದರು. ಈಗಲೂ ದಾರಿ ಅದೇ. ತಗಡಿನ ಕಣಜ, ಬೋನು, ಬೆಕ್ಕು, ಬದುವಿನ ಮೇಲೆ ಗೂಗೆ ಕೂರಲು ಒಂದು ಕಂಬ. ಗೂಗೆಯನ್ನು ಅಪಶಕುನವೆಂದು ಏರ್‌ಗನ್ನಿಂದ ಹೊಡೆದವನು ಮನೆಯ ಇಲಿ ಕಾವಲುಗಾರನನ್ನೇ ಕೊಂದಂತೆ.

ಈಗ ಮನುಷ್ಯರ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಹೆದರಿಕೆ ಇರುವುದು ಇಲ್ಲಿಯೇ.

2025ರಲ್ಲಿ ಶಿರಸಿ ತಾಲೂಕಿನಲ್ಲಿ ತೋಟದ ಮಂಗ ಓಡಿಸಲೆಂದು ಇಟ್ಟಿದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿ, ಗುಂಡು ಹಾರಿ, ಒಬ್ಬ ಬಾಲಕ ಸತ್ತ. ಶಿರಸಿ ಕಲಘಟಗಿಯಿಂದ ದೂರವಲ್ಲ. ಕೊಲ್ಲಬೇಕೆಂದು ಅಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಮಂಗಕ್ಕೆ ಅಂಜಿಕೆ ಹಾಕುವ ಸಾಮಾನೆಂದು ಇಟ್ಟಿದ್ದರು, ಅಷ್ಟೇ. ಗುದ್ದಲಿ, ಕುಡಗೋಲು ಇಡುವ ಮೂಲೆಯಲ್ಲಿ ಅದನ್ನೂ ಇಡುವ ಮನೆಗಳು ನಮ್ಮಲ್ಲೂ ಇವೆ. ಜಾತ್ರೆಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಬಲೂನ್ ಹೊಡೆದ ಮಗುವಿಗೆ ಏರ್‌ಗನ್ ಎಂದರೆ ಆಟಿಕೆ. ಮನೆಯಲ್ಲಿ ಕಂಡರೆ ಅದು ಮೊದಲು ಮಾಡುವುದೇ ತಮ್ಮನ ಕಡೆ ತಿರುಗಿಸಿ "ಢಂ" ಎನ್ನುವುದು. ಸ್ಪ್ರಿಂಗ್ ಏರಿಸಿದ್ದಾರೋ ಇಲ್ಲವೋ ಮಗುವಿಗೆ ಹೇಗೆ ಗೊತ್ತಾಗಬೇಕು?

ಬಯಲಿನಲ್ಲಿ ಗುಂಡು ಎಲ್ಲಿ ಹೋಗಿ ಬೀಳುತ್ತದೆಂಬುದನ್ನು ನಾವು ಯೋಚಿಸುವುದೇ ಇಲ್ಲ. ಮೇಲ್ಮುಖವಾಗಿ ಹಾರಿಸಿದ 4.5 ಮಿಲಿಮೀಟರ್ ಗುಂಡು ಮುನ್ನೂರು ಮೀಟರ್ ದಾಟಿ ಹೋಗಬಲ್ಲದು. ಎರೆ ಹೊಲದಲ್ಲಿ ಅಷ್ಟು ದೂರ ಅಡ್ಡ ಬರುವ ಒಂದು ಗಿಡವೂ ಇರುವುದಿಲ್ಲ. ಹಕ್ಕಿ ಕೂತಿರುವುದು ಎತ್ತರದಲ್ಲಿ, ಅಂದರೆ ಅದಕ್ಕೆ ಹೊಡೆದ ಪ್ರತಿ ಗುಂಡೂ ಮೇಲ್ಮುಖವೇ. ಅದೇ ಹೊತ್ತಿಗೆ ಆಚೆ ಹೊಲದಲ್ಲಿ ಹೆಣ್ಣುಮಕ್ಕಳು ಬಗ್ಗಿ ಮೆಣಸಿನಕಾಯಿ ಬಿಡಿಸುತ್ತಿರುತ್ತಾರೆ, ಹತ್ತಿ ಬಿಡಿಸುತ್ತಿರುತ್ತಾರೆ. ಯಾರಿಗಾದರೂ ಪೆಟ್ಟಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ, ಸತ್ತರೆ 106ನೇ ಕಲಂ. ಲೈಸೆನ್ಸ್ ಬೇಡದ ಬಂದೂಕು ಎಂಬ ರಿಯಾಯಿತಿ ಅಲ್ಲಿಲ್ಲ.

ಕಣ್ಣಿಗೆ ತಗುಲಿದರೆ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲ ತಿಳಿದಿರಿ. ಉಜ್ಜಬೇಡಿ, ಒತ್ತಬೇಡಿ, ನೀರು ಹಾಕಿ ತೊಳೆಯಬೇಡಿ, ಎದೆಹಾಲು, ಎಣ್ಣೆ ಯಾವುದನ್ನೂ ಬಿಡಬೇಡಿ. ಗುಂಡು ಕಾಣುತ್ತಿದ್ದರೂ ಕೀಳಬೇಡಿ. ಕಾಗದದ ಚಹಾ ಕಪ್ಪಿನ ತಳವನ್ನು ಕಣ್ಣಿಗೆ ತಾಗದಂತೆ ಮೇಲೆ ಇಟ್ಟು ಪಟ್ಟಿ ಅಂಟಿಸಿ, 108ಕ್ಕೆ ಫೋನ್ ಮಾಡಿ, ಹುಬ್ಬಳ್ಳಿಗೆ ಕರೆದೊಯ್ಯಿರಿ. ನಾಲ್ಕೂ ತಾಲೂಕು ಕೇಂದ್ರಗಳಿಂದ ಹುಬ್ಬಳ್ಳಿ ಒಂದು ತಾಸಿನ ಆಸುಪಾಸು. ಹೊಟ್ಟೆಗೆ, ಎದೆಗೆ, ಕುತ್ತಿಗೆಗೆ ತಗುಲಿದ್ದರೆ ಹೊರಗೆ ಸಾಸಿವೆಯಷ್ಟು ತೂತು ಕಂಡರೂ "ಏನಾಗಿಲ್ಲ ಬಿಡ್ರಿ" ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಏರ್‌ಗನ್ ಮುಟ್ಟಲೇಬೇಡಿ ಎಂದು ನಾನು ಹೇಳುವೆನೆಂದು ನೀವು ಕಾಯುತ್ತಿದ್ದರೆ, ಇಲ್ಲ. ಗುರಿ ಹೊಡೆಯುವುದು ಒಳ್ಳೆಯ ಆಟ. ಉಸಿರು ಹಿಡಿದು, ಕೈ ನಿಲ್ಲಿಸಿ, ಮನಸ್ಸನ್ನು ಒಂದು ಚುಕ್ಕೆಗೆ ತರುವ ಆಟ. 2008ರಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಏರ್ ರೈಫಲ್‌ನಲ್ಲಿಯೇ. ಅಷ್ಟು ದೂರ ಏಕೆ, ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಇದ್ದಾರೆ. ಅಪಘಾತದ ನಂತರ ಗಾಲಿಕುರ್ಚಿಯ ಮೇಲೆ ಕೂತು ಏರ್ ರೈಫಲ್ ಹಿಡಿದವರು. 2022ರಲ್ಲಿ ಫ್ರಾನ್ಸಿನ ಶಾಟೋರೂದಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋಗಿಬಂದರು. ಈ ಆಟದಲ್ಲಿ ಹತ್ತು ಮೀಟರ್ ದೂರದ ಕಾಗದದ ನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಕಂಬದ ಮೇಲಿನ ಬೆಳವ ಹೊಡೆದು ಮೀಸೆ ತಿರುವುವ ತಮ್ಮಂದಿರು ಒಂದು ಸಲ ಆ ಚುಕ್ಕೆಗೆ ಹೊಡೆದು ತೋರಿಸಲಿ. ಮನಸ್ಸಿದ್ದವರಿಗೆ ಕಲಿಸುವ ಶೂಟಿಂಗ್ ಅಕಾಡೆಮಿ ಹುಬ್ಬಳ್ಳಿಯಲ್ಲೇ ಇದೆ. ಬಂದೂಕು ಕೊಳ್ಳುವ ಮೊದಲು ಅಲ್ಲಿ ಹೋಗಿ ಒಂದು ತಾಸು ಹೊಡೆದು ನೋಡಿ, ನಿಮ್ಮ ಹುಚ್ಚು ಎಷ್ಟು ದಿನದ್ದೆಂದು ತಿಳಿಯುತ್ತದೆ.

ಅದಾದ ಮೇಲೂ ಕೊಳ್ಳುವುದಿದ್ದರೆ 4.5 ಮಿಲಿಮೀಟರಿನ, ನಳಿಗೆ ಮುರಿಯುವ ಸ್ಪ್ರಿಂಗ್ ಬಂದೂಕು ಸಾಕು. ಶಕ್ತಿ ಕಡಿಮೆಯಿರುವುದನ್ನೇ ಆರಿಸಿ. ಹತ್ತು ಮೀಟರಿನ ಕಾಗದಕ್ಕೆ 7-8 ಜೂಲ್ ಧಾರಾಳವಾಯಿತು, ಕಡಿಮೆ ಶಕ್ತಿಯದು ಹೊಡೆತಕ್ಕೆ ಕಡಿಮೆ ಅದುರುತ್ತದೆ, ಗುರಿ ಬೇಗ ಕೂರುತ್ತದೆ. "ಹೆಚ್ಚು ಪವರ್" ಎಂಬ ಮಾತಿಗೆ ಮರುಳಾಗಬೇಡಿ. ಪಿಸಿಪಿ ಎಂದು ಕರೆಯುವ, ಗಾಳಿ ತುಂಬಿಡುವ ಸಿಲಿಂಡರಿನ ಬಂದೂಕು ಹೊಸಬರಿಗೆ ಬೇಡ. ನಿಮ್ಮ ಬೈಕಿನ ಟೈರಿನಲ್ಲಿರುವುದು ಎರಡು ಬಾರ್ ಒತ್ತಡ, ಇದರಲ್ಲಿರುವುದು ಇನ್ನೂರು ಬಾರ್. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಆಗುವ ಕೆಲಸವಲ್ಲ ಅದು. ದೂರ್ಬೀನು ಈಗಲೇ ಬೇಡ, ಕಬ್ಬಿಣದ ಗುರಿಕಣ್ಣಿನಲ್ಲಿ ಮೊದಲು ಕಲಿಯಿರಿ. ಬಂದೂಕನ್ನು ಹೆಗಲಿಗೆ ಹಚ್ಚಿ ಐದು ನಿಮಿಷ ನಿಂತು ನೋಡಿ. ತೋಳು ನಡುಗಿದರೆ ಅದು ನಿಮಗೆ ಭಾರ, ಬೆಲೆ ಎಷ್ಟು ಕಡಿಮೆಯಿದ್ದರೂ ಬಿಡಿ. ಗುರುತಿನ ಪತ್ರ ಕೇಳದೆ, ಬಿಲ್ಲು ಕೊಡದೆ ಮಾರುವವನ ಹತ್ತಿರ ಕೊಳ್ಳಬೇಡಿ, ಸಂತೆಯಲ್ಲಿ ಕೈಬದಲು ಮಾಡಿಕೊಳ್ಳಲೂ ಬೇಡಿ.

ಹಿತ್ತಲಲ್ಲಿ ಹೊಡೆಯುವುದಾದರೆ ಗುರಿಗಿಂತ ಮೊದಲು ಗುರಿಯ ಹಿಂದೇನಿದೆ ಎಂದು ನೋಡಿ. ನಮ್ಮ ಹಿತ್ತಲುಗಳ ಗೋಡೆ ಎದೆಮಟ್ಟ, ಅದರಾಚೆ ಇನ್ನೊಬ್ಬರ ಬಚ್ಚಲು, ಬಾವಿ, ದನದ ಗೋದಲಿ. ಉಸುಕು ತುಂಬಿದ ಗೊಬ್ಬರದ ಚೀಲಗಳನ್ನು ಆಳೆತ್ತರ, ಎರಡು ಸಾಲು ಒಟ್ಟಿ ಅದರ ಮುಂದೆ ಕಾಗದ ಕಟ್ಟಿ. ಕಲ್ಲಿನ ಗೋಡೆ, ತಗಡು, ಬಾಟಲಿ, ನೀರಿನ ಮೇಲ್ಮೈ ಇವಕ್ಕೆ ಹೊಡೆದ ಗುಂಡು ಪುಟಿದು ಎತ್ತಲಾದರೂ ಹಾರುತ್ತದೆ. ಒಣಗಿ ಗಟ್ಟಿಯಾದ ಎರೆ ಹೆಂಟೆಗೂ ಹಾಗೆಯೇ. ಹೊಡೆಯುವವರು, ನೋಡುವವರು ಎಲ್ಲರ ಕಣ್ಣಿಗೂ ಕನ್ನಡಕ ಇರಲಿ, ನೋಡುವವರು ಹಿಂದೆಯೇ ನಿಲ್ಲಲಿ. ನಳಿಗೆ ಮುರಿದು ಗುಂಡು ಇಡುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಿ. ಬಿಟ್ಟುಕೊಂಡರೆ ಬೆರಳು ಜಜ್ಜುತ್ತದೆ. ಗುಂಡಿಲ್ಲದೆ ಬರಿದೆ ಹಾರಿಸಿದರೆ ಪಿಸ್ಟನ್ ಹೋಗಿ ಬಡಿದು ಬಂದೂಕು ಕೆಡುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಹಾರಿಸಿದ ಗುಂಡುಗಳನ್ನು ಆರಿಸಿ ಡಬ್ಬಿಗೆ ಹಾಕಿ, ಕೋಳಿ ಹೆಕ್ಕಿ ತಿನ್ನುತ್ತದೆ. ಸ್ಪ್ರಿಂಗ್ ಏರಿಸಿದ ಬಂದೂಕನ್ನು ಯಾವ ಕಾರಣಕ್ಕೂ ಕೆಳಗಿಟ್ಟು ಚಹಾಕ್ಕೆ ಏಳಬೇಡಿ. ಆಟ ಮುಗಿದಾಗ ಬಂದೂಕು ಒಂದು ಟ್ರಂಕಿನಲ್ಲಿ, ಗುಂಡಿನ ಡಬ್ಬಿ ಇನ್ನೊಂದರಲ್ಲಿ, ಎರಡಕ್ಕೂ ಕೀಲಿ, ಕೀಲಿ ನಿಮ್ಮ ಉಡದಾರದಲ್ಲಿ. ಹದಿನೆಂಟು ತುಂಬದವರು ದೊಡ್ಡವರು ಪಕ್ಕದಲ್ಲಿಲ್ಲದೆ ಮುಟ್ಟಬಾರದು.

ಬೆಳೆ ಕಾಯುವ ಬೇರೆ ದಾರಿಗಳನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಳೆ ಸೀರೆಗಳನ್ನು ಬದುವಿನುದ್ದ ಕಟ್ಟುವುದು, ಮಿನುಗುವ ಟೇಪು, ಸೋಲಾರ್ ಝಟ್ಕಾ ಬೇಲಿ, ನಾಲ್ಕು ಹೊಲದವರು ಸೇರಿ ಪಾಳಿಯ ಮೇಲೆ ಕಾವಲು, ಯಾವುದೂ ಪೂರ್ತಿ ತಡೆಯುವುದಿಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ತಡೆಯುತ್ತವೆ. ಎರಡನ್ನು ಮಾತ್ರ ಬೇಡವೆನ್ನುತ್ತೇನೆ. ಮೋಟಾರಿನ ಲೈನಿನಿಂದ ಬೇಲಿಗೆ ನೇರ ಕರೆಂಟ್ ಕೊಡುವುದು ಮೊದಲನೆಯದು. ಹಂದಿಗೆ ಇಟ್ಟ ತಂತಿಗೆ ಹೊಲದ ಯಜಮಾನನೇ ಬಿದ್ದ ಸುದ್ದಿಗಳು ನಮಗೆ ಹೊಸವಲ್ಲ. ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ನಾಡ ತೋಪು ಎರಡನೆಯದು. 2025ರ ದೀಪಾವಳಿಯಲ್ಲಿ ಭೋಪಾಲದ ಸುತ್ತಮುತ್ತ ಅದರಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಹೆಚ್ಚಿನವರು ಮಕ್ಕಳು.

ನಷ್ಟವಾದಾಗ ಪರಿಹಾರ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಪ್ರಾಣಿ ನುಗ್ಗಿದ ಬೆಳಿಗ್ಗೆಯೇ ಹೆಜ್ಜೆ ಗುರುತು, ತಿಂದ ಸಾಲುಗಳ ಫೋಟೋ ತೆಗೆಯಿರಿ. ಹೊಲ ಹರಗುವ ಮೊದಲು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡುವ ದುಡ್ಡು ಕಡಿಮೆ, ಬರುವುದು ತಡ, ಇದು ನನಗೂ ಗೊತ್ತು. ಆದರೆ ಅರ್ಜಿಗಳು ಹೋಗದಿದ್ದರೆ ಸರ್ಕಾರದ ಕಡತದಲ್ಲಿ ನಿಮ್ಮ ಊರಿಗೆ ಚಿಗರಿಯೇ ಬಂದಿಲ್ಲ. ಹೊಲದಲ್ಲಿ ಹಾರಿಸಿದ ನೂರು ಗುಂಡು ಯಾವ ಕಡತಕ್ಕೂ ಸೇರುವುದಿಲ್ಲ.

ಪಂಚಾಯಿತಿ ಸದಸ್ಯರಲ್ಲಿ, ಮುಂದಿನ ಗ್ರಾಮಸಭೆಯಲ್ಲಿ ಏರ್‌ಗನ್ ಮಾತನ್ನು ಒಂದು ವಿಷಯವಾಗಿ ಇಡಿ ಎಂದು ಕೇಳಿಕೊಳ್ಳುತ್ತೇನೆ. ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಎಂಬ ಹಳ್ಳಿಯಲ್ಲಿ ಜನ ತಾವಾಗಿಯೇ ಏರ್‌ಗನ್ ಒಪ್ಪಿಸಲು ಶುರುಮಾಡಿದರು, ಒಂದು ವರ್ಷ ತುಂಬುವ ಮೊದಲೇ ರಾಜ್ಯದಲ್ಲಿ 1,600ಕ್ಕೂ ಹೆಚ್ಚು ಬಂದೂಕುಗಳು ಬಂದವು. ಬೇಟೆಯೇ ಬದುಕಿನ ಭಾಗವಾಗಿದ್ದ ಊರುಗಳು ಅವು. ಯಮನೂರಿನಿಂದ ಹಿಡಿದು ನಿಮ್ಮ ಊರಿನವರೆಗೆ ಜಾತ್ರೆ ನಡೆಸುವ ಹಿರಿಯರು ಬಲೂನ್ ಅಂಗಡಿಯವರಿಗೆ ಜಾಗ ಕೊಡುವಾಗ ಹಲಗೆಯ ಹಿಂದೆ ಉಸುಕಿನ ಚೀಲ, ಎರಡೂ ಬದಿಗೆ ಹಗ್ಗ, ಬಂದೂಕಿಗೆ ಸರಪಳಿ ಇರಬೇಕೆಂದು ಹೇಳಿ. ಶಾಲೆಯ ಮಾಸ್ತರರು, ಅಕ್ಕೋರು ಮಕ್ಕಳನ್ನು ಒಮ್ಮೆ ಕೇಳಿ ನೋಡಿ, ಯಾರ ಮನೆಯಲ್ಲಿ ಏರ್‌ಗನ್ ಎಲ್ಲಿಟ್ಟಿದ್ದಾರೆಂದು. ದೊಡ್ಡವರು ಮುಚ್ಚಿಟ್ಟದ್ದು ಮಕ್ಕಳಿಗೆ ಗೊತ್ತಿರುತ್ತದೆ.

ಬೇಡವಾದ ಬಂದೂಕು ಮನೆಯಲ್ಲಿದ್ದರೆ ಬಿಲ್ಲಿನೊಂದಿಗೆ ಅಧಿಕೃತ ಅಂಗಡಿಗೆ ವಾಪಸು ಕೊಡಿ, ಇಲ್ಲವೇ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ಬಿಲ್ಲು ಕಳೆದಿದ್ದರೆ, ನಳಿಗೆ 4.5ರದ್ದೋ 5.5ರದ್ದೋ ಎಂಬ ಅನುಮಾನವಿದ್ದರೆ, ಪಂಚಾಯಿತಿಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಚಿಗರಿ ಹಾವಳಿ ಹೆಚ್ಚಿರುವ ಹೊಲಗಳ ಸರ್ವೆ ನಂಬರುಗಳನ್ನು ಅದೇ ದಿನ ಒಂದು ಹಾಳೆಯಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ, ತಹಶೀಲ್ದಾರರಿಗೊಂದು, ಅರಣ್ಯ ಇಲಾಖೆಗೊಂದು ಪ್ರತಿ ಮುಟ್ಟಿಸಿ. ಹೆಸರು ಬಿತ್ತುವ ಮೊದಲೇ ಮುಟ್ಟಿದರೆ ಒಳ್ಳೆಯದು.